ಬಳಕೆಯಲ್ಲಿರುವ ಕ್ಯೂ ಖಾಲಿಯಾಗಲು ಒಪ್ಪದಿದ್ದರೆ

ಪ್ರಶ್ನೆ: ಮೇಡಂ, ನಮ್ಮಲ್ಲಿ ಆರ್ಡರ್‌ಗಳು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಂದೇಶಗಳನ್ನು ಕ್ಯೂನಲ್ಲಿ, ಅಂದರೆ ಸರದಿ ಸಾಲಿನಲ್ಲಿ, ಇಟ್ಟು ತಲುಪಿಸುವ ಐಬಿಎಂ ಎಂಕ್ಯೂ ಮೂಲಕ ಹೋಗುತ್ತವೆ. ಪರೀಕ್ಷೆಗೆಂದು ಬರೆದ ಪ್ರೋಗ್ರಾಮ್ ದಾರಿ ತಪ್ಪಿ ಅಸಲಿ ಕ್ಯೂಗೇ ಸಂದೇಶಗಳನ್ನು ಸುರಿದಿದೆ. ಕ್ಯೂನಲ್ಲಿ ಈಗ 4,600 ಸಂದೇಶಗಳಿವೆ. ಓದುವ ಪ್ರೋಗ್ರಾಮ್ ತನಗೆ ಬೇಕಾದ ಗುರುತಿನವನ್ನಷ್ಟೇ ಆರಿಸಿಕೊಳ್ಳುವುದರಿಂದ ಇವು ಹಾಗೇ ಉಳಿದಿವೆ. ಕ್ಯೂ ಖಾಲಿ ಮಾಡುವ ‘ಕ್ಲಿಯರ್ ಕ್ಯೂಲೋಕಲ್’ ಆದೇಶ ಕೊಟ್ಟರೆ ಕ್ಯೂ ಬಳಕೆಯಲ್ಲಿದೆ ಎನ್ನುತ್ತದೆ. ಓದುವ ಪ್ರೋಗ್ರಾಮನ್ನು ನಿಲ್ಲಿಸಲು ಮೇಲಿನವರು ಒಪ್ಪುತ್ತಿಲ್ಲ. ಕ್ಯೂವನ್ನೇ ಅಳಿಸಿ ಹೊಸದಾಗಿ ಸೃಷ್ಟಿಸಲೇ? ಪರೀಕ್ಷಾ ಸಂದೇಶಗಳಲ್ಲೆಲ್ಲ ‘ಟೆಸ್ಟ್‌ರನ್’ ಎಂಬ ಪದವಿದೆ.
— ಹೆಸರು ಬೇಡವೆಂದ ಓದುಗ

ಉತ್ತರ: ಅಳಿಸುವ ಯೋಚನೆ ಬಿಡಿ. ನನ್ನ ಮಾತನ್ನು ನೀವು ಮೀರಬಹುದು, ಎಂಕ್ಯೂ ಮಾತನ್ನು ಮೀರಲಾರಿರಿ. ಯಾವುದಾದರೂ ಪ್ರೋಗ್ರಾಮ್ ಕ್ಯೂವನ್ನು ತೆರೆದಿಟ್ಟುಕೊಂಡಿರುವ ತನಕ ‘ಡಿಲೀಟ್’ ಆದೇಶವೂ ‘ಕ್ಲಿಯರ್’ನಂತೆಯೇ ಬರಿಗೈಯಲ್ಲಿ ಹಿಂದಿರುಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 4,600ರ ಮೇಲೆ. ಕ್ಯೂ ಸೃಷ್ಟಿಸಿದವರು ಬೇರೇನೂ ಹೇಳದಿದ್ದರೆ ಅದರ ಗರಿಷ್ಠ ಆಳ, ಅಂದರೆ ಅದು ಹಿಡಿಯುವ ಸಂದೇಶಗಳ ಸಂಖ್ಯೆ, 5,000. ಅದು ತುಂಬಿದ ಮರುಕ್ಷಣ ಅಸಲಿ ಆರ್ಡರ್ ಹಾಕಲು ಬಂದ ಪ್ರೋಗ್ರಾಮಿಗೆ 2053 ಎಂಬ ಕಾರಣಸಂಖ್ಯೆ ಸಿಗುತ್ತದೆ, ಅಂದರೆ ಜಾಗವಿಲ್ಲ. ಆದ್ದರಿಂದ ಕಸ ಗುಡಿಸುವುದು ಆಮೇಲಾಗಲಿ. ಡಿಸ್ಕಿನಲ್ಲಿ ಜಾಗವಿದೆಯೇ ನೋಡಿಕೊಂಡು ‘ಆಲ್ಟರ್ ಕ್ಯೂಲೋಕಲ್’ ಆದೇಶದಿಂದ ಈ ಗರಿಷ್ಠ ಆಳವನ್ನು (ಮ್ಯಾಕ್ಸ್‌ಡೆಪ್ತ್) 20,000ಕ್ಕೆ ಏರಿಸಿ. ಇದಕ್ಕೆ ಯಾರನ್ನೂ ನಿಲ್ಲಿಸಬೇಕಿಲ್ಲ, ಮೇಲಿನವರ ಮುಖವೂ ಗಂಟಿಕ್ಕುವುದಿಲ್ಲ.

ಉಸಿರಾಡಲು ಸಮಯ ಸಿಕ್ಕಿತಲ್ಲ, ಈಗ ಕ್ಯೂವನ್ನು ಯಾರು ಹಿಡಿದಿದ್ದಾರೆ ನೋಡಿ. ‘ಡಿಸ್‌ಪ್ಲೇ ಕ್ಯೂಸ್ಟೇಟಸ್’ ಆದೇಶಕ್ಕೆ ಟೈಪ್ ‘ಹ್ಯಾಂಡಲ್’ ಎಂದು ಸೇರಿಸಿ, ‘ಆಲ್’ ಎಂದೂ ಕೇಳಿ. ಕ್ಯೂ ತೆರೆದಿರುವ ಪ್ರತಿ ಪ್ರೋಗ್ರಾಮಿನ ಹೆಸರು, ಪ್ರೊಸೆಸ್ ಸಂಖ್ಯೆ, ಬಳಕೆದಾರನ ಗುರುತು, ಅದು ಓದಲು ಬಂದಿದೆಯೋ ಬರೆಯಲೋ ಎಂಬುದೆಲ್ಲ ಸಾಲುಸಾಲಾಗಿ ಬರುತ್ತದೆ. ಬರೆಯುವವರ ಪೈಕಿ ನಿಮ್ಮ ಪರೀಕ್ಷಾ ಪ್ರೋಗ್ರಾಮ್ ಇನ್ನೂ ಕುಳಿತಿದ್ದರೆ ನನಗೆ ಆಶ್ಚರ್ಯವಾಗದು. ನಲ್ಲಿ ನಿಲ್ಲಿಸದೆ ನೆಲ ಒರೆಸುವವರನ್ನು ನಾನು ಬಹಳ ಕಂಡಿದ್ದೇನೆ. ಓದುವವನ ಸಾಲಿನಲ್ಲಿ ‘ಶೇರ್ಡ್’ ಎಂದಿದ್ದರೆ ನಿಮ್ಮ ದಾರಿ ಸುಗಮ. ‘ಎಕ್ಸ್‌ಕ್ಲೂಸಿವ್’ ಎಂದಿದ್ದರೆ ಕ್ಯೂನಿಂದ ತೆಗೆಯಲು ಹೋದ ಇತರರಿಗೆಲ್ಲ 2042 ಎಂಬ ನಿರಾಕರಣೆಯೇ ಗತಿ. ಆಗ ಮಾತ್ರ ಹತ್ತು ನಿಮಿಷದ ಬಿಡುವಿಗಾಗಿ ಮೇಲಿನವರ ಬಾಗಿಲು ತಟ್ಟಲೇಬೇಕು.

ಬಳಕೆಯಲ್ಲಿರುವ ಕ್ಯೂವನ್ನು ಖಾಲಿ ಮಾಡಲು ಎಂಕ್ಯೂ ಒಪ್ಪದಿರುವುದು ನಿಮಗೆ ಕಿರಿಕಿರಿಯಾಗಿರಬಹುದು. ನನಗೆ ಅದರ ಮೇಲೆ ಗೌರವವಿದೆ, ಕಾರಣ ಬೇರೊಂದು ಕಡೆ ತಿಂದ ಪೆಟ್ಟು. ಹಿಂದೊಮ್ಮೆ, ಎಂಕ್ಯೂನಂಥದೇ ಇನ್ನೊಂದು ತಂತ್ರಾಂಶವಾದ ರ‍್ಯಾಬಿಟ್‌ಎಂಕ್ಯೂನಲ್ಲಿ ಹಳೆಯ ಜ್ಞಾಪನಾ ಸಂದೇಶಗಳು ಗುಡ್ಡೆಬಿದ್ದಿದ್ದವು. ಅಲ್ಲಿ ‘ಪರ್ಜ್’ (ಖಾಲಿ ಮಾಡು) ಎಂದರೆ ಸಾಕು, ಯಾರು ಬಳಸುತ್ತಿದ್ದರೂ ತಕರಾರಿಲ್ಲ. ಒತ್ತಿದೆ. ‘ರೆಡಿ’ ಎಂಬ ಕಾಲಮ್ಮಿನಲ್ಲಿ ಸೊನ್ನೆ ಬಂತು. ಪಕ್ಕದ ‘ಅನ್‌ಆಕ್ಡ್’ ಕಾಲಮ್ಮಿನಲ್ಲಿ 250 ಇತ್ತು, ಅದನ್ನು ನೋಡಿಯೂ ನೋಡದಂತೆ ಬಿಟ್ಟೆ. ಓದುವ ಪ್ರೋಗ್ರಾಮ್ ಒಂದೇ ಸಲಕ್ಕೆ 250ನ್ನು ಕೈಗೆತ್ತಿಕೊಂಡು, ಮುಗಿಯಿತೆಂಬ ಒಪ್ಪಿಗೆ ಕಳಿಸದೆ ಕುಳಿತಿತ್ತು. ಪರ್ಜ್ ಅಳಿಸುವುದು ಕ್ಯೂನಲ್ಲಿ ಕಾಯುತ್ತಿರುವುದನ್ನು ಮಾತ್ರ, ಯಾರದೋ ಕೈಯಲ್ಲಿರುವುದನ್ನಲ್ಲ. ಎಲ್ಲ ಶುಚಿಯಾಯಿತೆಂದು ಪ್ರೋಗ್ರಾಮನ್ನು ಮರುಚಾಲನೆ ಮಾಡಿದೆ. ಸಂಪರ್ಕ ಕಡಿದಾಗ ಆ 250 ಸಂದೇಶಗಳೂ ಕ್ಯೂಗೆ ಮರಳಿದವು, ಪ್ರೋಗ್ರಾಮ್ ಎದ್ದೊಡನೆ ಶಿಸ್ತಾಗಿ ಹೊರಟವು. ಎಂದೋ ಹಣ ಕಟ್ಟಿ ಮುಗಿಸಿದವರಿಗೆ ಹಣ ಕಟ್ಟಿರೆಂದು ಎಸ್‌ಎಂಎಸ್ ಹೋಯಿತು. ಆ ಮಧ್ಯಾಹ್ನವೆಲ್ಲ ಫೋನೆತ್ತಿ ಕ್ಷಮೆ ಕೇಳಿದವಳು ನಾನೇ.

ಎಂಕ್ಯೂ ಇಂಥ ಅರೆಬರೆ ಗುಡಿಸುವಿಕೆಗೆ ಒಪ್ಪುವುದಿಲ್ಲ. ಕ್ಯೂ ತೆರೆದಿದ್ದರೆ ಆಗದು, ಕಮಿಟ್ ಆಗದ, ಅಂದರೆ ಇನ್ನೂ ಅಂತಿಮಗೊಳ್ಳದ, ಸಂದೇಶವಿದ್ದರೂ ಆಗದು. ಅಮೆಜಾನಿನ ಕ್ಯೂ ಸೇವೆಯಾದ ಎಸ್‌ಕ್ಯೂಎಸ್ ಇದಕ್ಕೆ ತದ್ವಿರುದ್ಧ: ಪರ್ಜ್ ಮುಗಿಯಲು 60 ಸೆಕೆಂಡ್‌ವರೆಗೆ ಹಿಡಿಯುತ್ತದೆ, ಆ ನಡುವೆ ಬಂದ ಹೊಸ ಸಂದೇಶವೂ ಅಳಿಯಬಹುದು. ನಿಮ್ಮ ಕ್ಯೂ ಹಾಗಿದ್ದಿದ್ದರೆ ಹೊಸ ಆರ್ಡರ್‌ಗಳು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ನಿಮ್ಮ ವಿಷಯಕ್ಕೆ ಬರೋಣ. ಎಂಕ್ಯೂ ಜೊತೆಗೆ ಬರುವ ‘ಎಎಂಕ್ಯೂಎಸ್‌ಗೆಟ್’ ಎಂಬ ಮಾದರಿ ಪ್ರೋಗ್ರಾಮನ್ನು ಯಾರಾದರೂ ಸೂಚಿಸಿಯಾರು. ಅದು ಮುಂದಿನಿಂದ ಒಂದೊಂದನ್ನೇ ತೆಗೆಯುತ್ತ ಹೋಗುತ್ತದೆ, ಅಸಲಿಯೋ ನಕಲಿಯೋ ಎಂದು ಕೇಳುವುದಿಲ್ಲ. ನಿಮ್ಮಂಥ ಬೆರಕೆ ಕ್ಯೂಗೆ ಅದು ಬೇಡ. ‘ಡಿಎಂಪಿಎಂಕ್ಯೂಎಂಎಸ್‌ಜಿ’ ಬಳಸಿ; ಹೆಸರು ಸೀನಿದಂತಿದೆ, ಕೆಲಸ ಮಾತ್ರ ಅಚ್ಚುಕಟ್ಟು. ಕ್ಯೂನ ಸಂದೇಶಗಳನ್ನು ಅದು ಫೈಲಿಗೆ ಇಳಿಸುತ್ತದೆ. ‘ಎಸ್’ ಆಯ್ಕೆಯೊಂದಿಗೆ ಒಂದು ಪದ ಕೊಟ್ಟರೆ ಆ ಪದವಿರುವವನ್ನಷ್ಟೇ ಹೆಕ್ಕುತ್ತದೆ.

ಎಚ್ಚರ ಬೇಕಾದ್ದು ಒಂದೇ ಅಕ್ಷರದಲ್ಲಿ. ಕ್ಯೂ ಹೆಸರಿನ ಮುಂದಿನ ‘ಐ’ ಸಣ್ಣ ಅಕ್ಷರವಾಗಿದ್ದರೆ ಸಂದೇಶಗಳನ್ನು ನೋಡಿ ನಕಲು ಮಾಡಿಕೊಳ್ಳುತ್ತದೆ, ಕ್ಯೂ ಹಾಗೇ ಇರುತ್ತದೆ. ದೊಡ್ಡ ಅಕ್ಷರವಾಗಿದ್ದರೆ ಕ್ಯೂನಿಂದ ಎತ್ತಿಯೇ ಬಿಡುತ್ತದೆ. ನಡುವೆ ಇರುವುದು ಶಿಫ್ಟ್ ಕೀಲಿಯ ಮೇಲಿನ ಒಂದು ಬೆರಳು. ಮೊದಲು ಸಣ್ಣದರಿಂದ ಇಳಿಸಿ, ಫೈಲ್ ತೆರೆದು ಎಣಿಸಿ, ‘ಟೆಸ್ಟ್‌ರನ್’ ಪದ ಯಾವುದಾದರೂ ನಿಜವಾದ ಆರ್ಡರಿನೊಳಗೂ ನುಸುಳಿದೆಯೇ ಎಂದು ಕಣ್ಣಾರೆ ನೋಡಿ. ಇಲ್ಲವೆಂದು ಖಾತ್ರಿಯಾದ ಮೇಲೆ ಬೇರೊಂದು ಫೈಲ್ ಹೆಸರು ಕೊಟ್ಟು ದೊಡ್ಡ ‘ಐ’ ಬಳಸಿ. ಅತ್ತ ಓದುವ ಪ್ರೋಗ್ರಾಮ್ ತನ್ನ ಪಾಡಿಗೆ ತನ್ನವನ್ನು ಎತ್ತಿಕೊಳ್ಳುತ್ತಲೇ ಇರುತ್ತದೆ.

ಆ ಎರಡನೆಯ ಫೈಲನ್ನು ಕೂಡಲೇ ಎಸೆಯಬೇಡಿ. ನನ್ನ ಆರ್ಡರ್ ಎಲ್ಲಿ ಎಂದು ಯಾರಾದರೂ ಎರಡು ದಿನ ಬಿಟ್ಟು ಕೇಳಿದರೆ, ಅದೇ ‘ಡಿಎಂಪಿಎಂಕ್ಯೂಎಂಎಸ್‌ಜಿ’ಗೆ ಫೈಲಿನ ಹೆಸರನ್ನೂ ಸಣ್ಣ ‘ಓ’ ಜೊತೆಗೆ ಕ್ಯೂನ ಹೆಸರನ್ನೂ ಕೊಟ್ಟರೆ ಸಂದೇಶಗಳು ಮತ್ತೆ ಕ್ಯೂಗೆ ಏರುತ್ತವೆ.