ಕಾಡಿನಂಚಿನಲ್ಲಿ ಮೂರೆಕರೆ ತಗೊಂಡಿದ್ದೇನೆ, ಕಾಳ್ಗಿಚ್ಚು ಬಂದರೆ ಆರಿಸೋಕೆ ಎಷ್ಟು ಎಚ್‌ಪಿ ಪಂಪು ಬೇಕು?

ನಾನೂ ಮೊದಲು ಪಂಪನ್ನೇ ಕೂರಿಸಿದ್ದೆ. ಸಾಗರದ ಹತ್ತಿರ, ಕಾಡಿಗೆ ತಾಗಿದ ಜಮೀನು, ಐದು ಎಚ್‌ಪಿ ಮೋಟಾರು. ಬೆಂಕಿ ಬಂದದ್ದು ಮಾರ್ಚ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ. ಆ ಹೊತ್ತಿಗೆ ನಮ್ಮಲ್ಲಿ ಕರೆಂಟ್ ಇದ್ದರೇ ಸುದ್ದಿ.

ಆದರೆ ನಾನು ಕೆಟ್ಟಿದ್ದು ಕರೆಂಟಿನಿಂದಲ್ಲ, ದರಗಿನಿಂದ, ಅಂದರೆ ಉದುರಿದ ಒಣ ಎಲೆಯಿಂದ. ಡಿಸೆಂಬರಿನಲ್ಲೇ ಬೇಲಿಯ ಒಳಗೆ ಹತ್ತಡಿ ಅಗಲ ಕೆರೆಸಿ, ಬೆಂಕಿ ದಾಟದ ಹಾಗೆ ಬೆಂಕಿರೇಖೆ ಮಾಡಿಸಿದ್ದೆ. ಗುಡಿಸಿದ ಅಂಗಳದ ಹಾಗಿತ್ತು, ಸ್ಟೇಟಸ್ಸಿಗೂ ಹಾಕಿದ್ದೆ. ಮರಗಳು ಎಲೆ ಉದುರಿಸೋದು ಸಂಕ್ರಾಂತಿ ಕಳೆದ ಮೇಲೆ ಅಂತ ಹೊಳೆಯಲೇ ಇಲ್ಲ. ಮೇಲಿನ ಮನೆ ಅಜ್ಜಿ ಪ್ರತಿವರ್ಷ ಅಲ್ಲಿಂದಲೇ ಕೊಟ್ಟಿಗೆಗೆ ದರಗು ಒಯ್ಯುತ್ತಿದ್ದರಂತೆ. ಹೆಡಿಗೆ ಹಿಡಿದು ಬಂದು, “ಗುಡ್ಸ್ಕಂಡು ಹೋಗ್ಲಾ ತಮ್ಮಾ?” ಅಂದರು. ಯಾವುದೋ ವಿಡಿಯೋ ನೋಡಿದ್ದೆ. “ಬೇಡ ಅಜ್ಜಿ, ಗಿಡದ ಬುಡಕ್ಕೆ ಮುಚ್ಚಿಗೆ ಹಾಕಬೇಕು” ಅಂದೆ. ಹಾಕಿದೆನಾ? ಅದೂ ಇಲ್ಲ. ಗೇಟಿಗೆ ಬೀಗ ಬೇರೆ. ಮಾರ್ಚ್ ಹೊತ್ತಿಗೆ ರೇಖೆಯ ಮೇಲೆ ಪಾದ ಮುಳುಗುವಷ್ಟು ಒಣಗಿದೆಲೆ. ಬೆಂಕಿ ಬರೀ ಮೊಣಕಾಲೆತ್ತರದ್ದು, ಹಾರಿ ಬರಲಿಲ್ಲ, ಚಿಟಚಿಟ ಅನ್ನುತ್ತಾ ನಡೆದುಕೊಂಡೇ ದಾಟಿತು. ಡ್ರಿಪ್ ಪೈಪೆಲ್ಲ ಕರಗಿ ಡಾಂಬರಾಯಿತು, ನಲವತ್ತು ಅಡಿಕೆ ಗಿಡ ಹೋದವು.

ಉಳಿದದ್ದನ್ನು ಉಳಿಸಿದವರು ಅದೇ ಅಜ್ಜಿಯ ಮಗ ಮತ್ತು ಅವನು ಕೂಗಿ ಕರೆದ ಹತ್ತು ಜನ. ಹಸಿ ಸೊಪ್ಪಿನಿಂದ ಬಡಿದರು, ಕಾಲುದಾರಿ ಗುಡಿಸಿ, ಬರುವ ಬೆಂಕಿಗೆ ಸುಡಲು ಏನೂ ಉಳಿಯದ ಹಾಗೆ ಅಲ್ಲಿಂದ ಎದುರು ಬೆಂಕಿ ಕೊಟ್ಟರು. (ನೀವು ಒಬ್ಬರೇ ಆ ಸಾಹಸ ಮಾಡಬೇಡಿ. ಕಾಡಿಗೆ ಬೆಂಕಿ ಹಚ್ಚಿದರೆ ಕೇಸೂ ಆಗುತ್ತದೆ.) ಇಲಾಖೆಯ ಇಬ್ಬರು ವಾಚರ್‌ಗಳು ಬರುವಾಗ ಸಂಜೆ. ಬೈಯಲು ಮನಸ್ಸಾಗಲಿಲ್ಲ, ಬೆಳಗ್ಗಿನಿಂದ ಇನ್ನೊಂದು ಗುಡ್ಡದಲ್ಲಿ ಬಡಿದು ಬಂದಿದ್ದರು.

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ವಾಯುಪಡೆಯ ಹೆಲಿಕಾಪ್ಟರ್ ನೀರು ಹೊತ್ತು ಬರುವಷ್ಟರಲ್ಲಿ ಸಾವಿರಾರು ಎಕರೆ ಸುಟ್ಟಾಗಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ‘ತರಗು ಬೆಂಕಿ’ ಹಾಕಿ ನೆಲದ ಎಲೆ ಮುಗಿಸುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆಯೇ ಲಂಟಾನಾ ಕಳೆ ಹೆಚ್ಚಿದ್ದು ಅನ್ನುತ್ತಾರೆ ಅವರು. ನಾನು ಅವರನ್ನೇ ನಂಬುತ್ತೇನೆ.

ಅರಣ್ಯ ಇಲಾಖೆಯ ಸಹಾಯವಾಣಿ 1926, ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಉಪಗ್ರಹಕ್ಕೆ ಬೆಂಕಿ ಕಂಡರೆ ಭಾರತೀಯ ಅರಣ್ಯ ಸರ್ವೇಕ್ಷಣೆ ಕಳಿಸುವ ಎಸ್ಸೆಮ್ಮೆಸ್ಸಿಗೂ ಹೆಸರು ಕೊಡಿ, ಆದರೆ ಆ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ಉದ್ದಕ್ಕೂ ಅಗಲಕ್ಕೂ 375 ಮೀಟರ್. ನಿಮ್ಮ ಇಡೀ ಜಮೀನೇ ಅದರೊಳಗೆ ಮುಳುಗಿಹೋಗುತ್ತದೆ. ಅದಕ್ಕಿಂತ ಮೊದಲು ಅಕ್ಕಪಕ್ಕ ಕೊಟ್ಟಿಗೆ ಇರುವ ಮನೆ ಯಾವುದು ನೋಡಿ, ಹೋಗಿ ಒಂದು ಲೋಟ ಚಾ ಕುಡಿದು ಬನ್ನಿ, ಗೇಟಿನ ಬೀಗದ ಕೈ ಅಲ್ಲೇ ಕೊಟ್ಟುಬನ್ನಿ.

ಎಚ್‌ಪಿ ಕೇಳಿದಿರಲ್ಲ, ತೋಟಕ್ಕೆ ನೀರು ಬಿಡೋಕಾದರೆ ಮೂರು ಸಾಕು.