ಮನೆಯಲ್ಲಿ ಜಾಮ್ ಮಾಡುವಾಗ ಯಾವ ಹಣ್ಣಿಗೆ ಯಾವುದು ಹೊಂದುತ್ತದೆ? ಏಲಕ್ಕಿ, ಚಕ್ಕೆ ಹಾಕಬಹುದಾ?

ಅನಾನಸ್, ಬಾಳೆ, ಸೇಬು ಮೂರನ್ನೂ ಸಮಸಮ ಹಾಕಿ, ಮೇಲಿಂದ ಏಲಕ್ಕಿ, ಚಕ್ಕೆ ಎರಡೂ ಸೇರಿಸಿ ಜಾಮ್ ಮಾಡಿದೆ, ಅದು ಯಾವ ಹಣ್ಣಿನದು ಅಂತ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ ಎಂದು ಬರೆದಿದ್ದೀರಿ. ಓದಿ ನಗು ಬಂತು. ನಾನು ಶುರುವಿನಲ್ಲಿ ಮಾಡಿದ ಜಾಮ್‌ಗಳೆಲ್ಲ ಹೀಗೇ ಇದ್ದವು. ನಿಮ್ಮ ಅಳತೆಯಲ್ಲಿ ಅಂಥ ತಪ್ಪೇನಿಲ್ಲ. ಕೆಡಿಸಿದ್ದು ಬಾಳೆ.

ರಸಾಯನಕ್ಕೆ ಹೆಚ್ಚಿ ಹಾಕುವ ಬಾಳೆಹಣ್ಣು ಬೇರೆ, ಅರ್ಧ ಗಂಟೆ ಸಕ್ಕರೆಯಲ್ಲಿ ಕುದಿದ ಬಾಳೆಹಣ್ಣು ಬೇರೆ. ಕುದಿದ ಮೇಲೆ ಅದರ ವಾಸನೆ ಉಳಿದ ಹಣ್ಣುಗಳ ಮೇಲೆ ಹತ್ತಿ ಕೂರುತ್ತದೆ, ಬಣ್ಣವೂ ಕಂದಾಗುತ್ತದೆ. ಅಂಗಡಿಯ ಮಿಕ್ಸೆಡ್ ಫ್ರೂಟ್ ಜಾಮ್ ತಿಂದು ಬೆಳೆದವರು ನಾವೆಲ್ಲ, ಹಾಗಾಗಿ ಹಣ್ಣು ಜಾಸ್ತಿಯಾದಷ್ಟೂ ರುಚಿ ಜಾಸ್ತಿ ಅಂದುಕೊಂಡಿರುತ್ತೇವೆ. ಆ ರುಚಿ ಯಾವ ಹಣ್ಣಿನದು ಅಂತ ಯಾರಾದರೂ ಕೇಳಿದರೆ ನನಗಂತೂ ಇವತ್ತಿಗೂ ಉತ್ತರ ಗೊತ್ತಿಲ್ಲ!

ನಾನು ಈಗ ಹೀಗೆ ಮಾಡುತ್ತೇನೆ. ಒಂದು ಹಣ್ಣು ಮನೆಯ ಯಜಮಾನ. ಎರಡನೆಯದನ್ನು ರುಚಿಗೆ ಅಂತ ಕರೆಯುವುದಿಲ್ಲ, ಕೆಲಸಕ್ಕೆ ಕರೆಯುತ್ತೇನೆ. ಜಾಮ್ ಗಟ್ಟಿಯಾಗಲು ಪೆಕ್ಟಿನ್, ಅಂದರೆ ಹಣ್ಣಿನಲ್ಲೇ ಇರುವ ಅಂಟು ಬೇಕು, ಹುಳಿ ಬೇಕು, ಸಕ್ಕರೆ ಬೇಕು. ಯಜಮಾನನಲ್ಲಿ ಇದರಲ್ಲಿ ಯಾವುದು ಕಡಿಮೆಯೋ ಅದನ್ನು ತುಂಬಿಕೊಡುವ ಹಣ್ಣೇ ಅದಕ್ಕೆ ಒಳ್ಳೆಯ ಜೋಡಿ.

ನಿಮ್ಮ ಅನಾನಸನ್ನೇ ತೆಗೆದುಕೊಳ್ಳಿ. ನನ್ನ ತವರು ಬನವಾಸಿ ಕಡೆ, ಅನಾನಸ್ ಬೆಳೆಯುವ ಸೀಮೆ. ಊರಿಗೆ ಹೋದರೆ ಬರುವಾಗ ಚೀಲದಲ್ಲಿ ನಾಲ್ಕು ಹಣ್ಣು ಇದ್ದೇ ಇರುತ್ತವೆ. ಅನಾನಸಿಗೆ ಘಮ ಇದೆ, ಹುಳಿ ಇದೆ, ಪೆಕ್ಟಿನ್ ಮಾತ್ರ ತೀರಾ ಕಡಿಮೆ. ಬರೀ ಅನಾನಸ್ ಹಾಕಿದರೆ ಒಂದೋ ನೀರು ನೀರು, ಇಲ್ಲವೇ ಕುದಿಸಿ ಕುದಿಸಿ ನಾರು ಅಗಿಯುವ ಹಲ್ವಾ. ಇದಕ್ಕೆ ಸೀಬೆಹಣ್ಣು ಸೇರಿಸಿ. ನಮ್ಮ ಕಡೆ ಪೇರಲ ಅನ್ನುತ್ತೇವೆ. ಪೂರ್ತಿ ಹಣ್ಣಾದದ್ದು ಬೇಡ, ದೋರೆಗಾಯಿ ಇರಲಿ. ಅದರಲ್ಲೇ ಪೆಕ್ಟಿನ್ ಹೆಚ್ಚು.

ಮುಕ್ಕಾಲು ಕೆಜಿ ಹೆಚ್ಚಿದ ಅನಾನಸಿಗೆ ಕಾಲು ಕೆಜಿ ಸೀಬೆ. ಸೀಬೆಯನ್ನು ಬೇರೆಯಾಗಿ, ಮುಳುಗುವಷ್ಟು ನೀರಲ್ಲಿ ಮೆತ್ತಗೆ ಬೇಯಿಸಿ ಜರಡಿಯಲ್ಲಿ ಉಜ್ಜಿ. ಬೀಜ ಮೇಲೆ ಉಳಿಯುತ್ತದೆ, ಕೆಳಗೆ ಅಂಟಂಟು ತಿರುಳು ಇಳಿಯುತ್ತದೆ. ಅನಾನಸ್ ಚೂರುಗಳನ್ನು ಅರ್ಧ ನಿಂಬೆರಸದ ಜೊತೆ ಮೊದಲು ಬೇಯಿಸಿಕೊಳ್ಳಿ. ಸಕ್ಕರೆ ಬಿದ್ದ ಮೇಲೆ ಚೂರುಗಳು ಮತ್ತೆ ಮೆತ್ತಗಾಗುವುದಿಲ್ಲ. ಆಮೇಲೆ ಸೀಬೆ ತಿರುಳು, ಮುಕ್ಕಾಲು ಕೆಜಿ ಸಕ್ಕರೆ, ಇನ್ನೊಂದು ನಿಂಬೆಹಣ್ಣಿನ ರಸ. ಸಕ್ಕರೆ ಕರಗಿದ ಮೇಲೆ ಉರಿ ಜೋರು ಮಾಡಿ, ತಳ ಬಿಡದೆ ಸೌಟು ಆಡಿಸಿ. ಸುಮಾರು ಒಂದೂಕಾಲು ಕೆಜಿ ಜಾಮ್ ಆಗುತ್ತದೆ. ತಿಂದವರಿಗೆ ಸೀಬೆ ಇದೆ ಅಂತ ಗೊತ್ತಾಗುವುದಿಲ್ಲ, ಅನಾನಸೇ ಇನ್ನಷ್ಟು ಅನಾನಸ್ ಆದಂತೆ ಇರುತ್ತದೆ. ಪಾತ್ರೆ ಸ್ಟೀಲಿನದು, ದಪ್ಪ ತಳದ್ದು ಇರಲಿ. ಅಲ್ಯೂಮಿನಿಯಂನಲ್ಲಿ ಹುಳಿ ಹಣ್ಣು ಕುದಿಸಿದರೆ ಲೋಹದ ರುಚಿ ಬರುತ್ತದೆ.

ಪರಂಗಿಹಣ್ಣಿನದು ಉಲ್ಟಾ ಕಥೆ. ಸಿಹಿ ಇದೆ, ಬಣ್ಣ ಇದೆ, ಹುಳಿ ಇಲ್ಲವೇ ಇಲ್ಲ. ಹುಳಿ ಕೊಡದಿದ್ದರೆ ಜಾಮ್ ಗಟ್ಟಿಯೂ ಆಗುವುದಿಲ್ಲ, ಬಾಳಿಕೆಯೂ ಬರುವುದಿಲ್ಲ. ಒಂದು ಕೆಜಿ ತಿರುಳಿಗೆ ಮೂರು ನಿಂಬೆಹಣ್ಣಾದರೂ ಬೇಕು. ನನಗೆ ಇಷ್ಟವಾದದ್ದು ಮುರುಗಲು, ಮಂಗಳೂರಿನವರ ಪುನರ್ಪುಳಿ. ಬೇಸಿಗೆಯಲ್ಲಿ ಸಿಗುವ ಹಸಿ ಸಿಪ್ಪೆಯನ್ನು ನೀರಲ್ಲಿ ಕುದಿಸಿ ಸೋಸಿ ಹಾಕಿದರೆ ಹುಳಿಯ ಜೊತೆ ಕೆಂಪೂ ಬರುತ್ತದೆ. ಒಣ ಸಿಪ್ಪೆ ತಂದರೆ ಮೊದಲು ನೆಕ್ಕಿ ನೋಡಿ, ಉಪ್ಪು ಹಾಕಿ ಒಣಗಿಸಿದ್ದೂ ಇರುತ್ತದೆ. ನಾನು ಒಮ್ಮೆ ನೋಡದೆ ಹಾಕಿ, ಜಾಮೂ ಅಲ್ಲದ ಉಪ್ಪಿನಕಾಯಿಯೂ ಅಲ್ಲದ ಏನೋ ಒಂದನ್ನು ಮಾಡಿಟ್ಟಿದ್ದೆ.

ಮಾವಿಗೆ ಮಾವೇ ಜೋಡಿ. ಹಣ್ಣಾದ ಬಾದಾಮಿ ಮುಕ್ಕಾಲು ಪಾಲು, ದೋರೆಗಾಯಿ ಗಿಣಿಮೂತಿ ಕಾಲು ಪಾಲು. ಘಮ ಬಾದಾಮಿಯದು, ಹುಳಿ ಗಿಣಿಮೂತಿಯದು. ಬೀಜದ ಕಪ್ಪು ದ್ರಾಕ್ಷಿ, ಅಂದರೆ ಬೆಂಗಳೂರು ಬ್ಲೂ, ಇದಕ್ಕೆ ಯಾರ ಸಹಾಯವೂ ಬೇಡ, ಸುಮ್ನೆ ಬಿಟ್ಟುಬಿಡಿ.

ಇನ್ನು ಮಸಾಲೆ. ಇಲ್ಲೂ ಒಂದು ಜಾಮಿಗೆ ಒಂದೇ. ಏಲಕ್ಕಿ ಮಾವಿಗೆ ಹೊಂದುತ್ತದೆ, ಚಕ್ಕೆ ಸೇಬಿಗೆ. ಅನಾನಸಿಗೆ ಶುಂಠಿ ಅಥವಾ ಕಾಳುಮೆಣಸು. ಶುಂಠಿಯನ್ನು ತುರಿದು ಹಿಂಡಿ, ಒಂದು ಚಮಚ ರಸವನ್ನು ಒಲೆ ಆರಿಸುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಘಮ ಹಬೆಯಲ್ಲೇ ಹೋಗುತ್ತದೆ. ಕಾಳುಮೆಣಸು ಅರ್ಧ ಚಮಚ, ತರಿತರಿ ಕುಟ್ಟಿದ್ದು ಸಾಕು. ಖಾರ ಗಂಟಲಿಗೆ ಬರುವಷ್ಟರಲ್ಲಿ ಸಿಹಿ ಇಳಿದಿರುತ್ತದೆ, ದೋಸೆಗೆ ಬಹಳ ಚೆನ್ನಾಗಿರುತ್ತದೆ.

ಲವಂಗದ ವಿಷಯದಲ್ಲಿ ಮಾತ್ರ ಹುಷಾರು. ಒಂದು ಸಲ ಆರು ಲವಂಗವನ್ನು ಜಾಮಿನ ಜೊತೆಗೇ ಬಾಟಲಿಗೆ ತುಂಬಿದ್ದೆ. ಮಾಡಿದ ದಿನ ಹದವಾಗಿತ್ತು. ವಾರ ಕಳೆದು ಮುಚ್ಚಳ ತೆಗೆದರೆ ಹಲ್ಲುನೋವಿಗೆ ಹಚ್ಚುವ ಎಣ್ಣೆಯ ವಾಸನೆ! ನಮ್ಮ ಅತ್ತೆಯವರು ಒಂದು ಚಮಚ ಬಾಯಿಗಿಟ್ಟು, ಏನೂ ಮಾತಾಡದೆ ಬಾಟಲಿಯನ್ನು ನನ್ನ ಕಡೆ ಸರಿಸಿದರು. ಇಡೀ ಮಸಾಲೆ ಬಾಟಲಿಯೊಳಗೂ ರಸ ಬಿಡುತ್ತಲೇ ಇರುತ್ತದೆ. ಹಾಗಾಗಿ ಚಕ್ಕೆ, ಲವಂಗ ಏನಿದ್ದರೂ ಸಣ್ಣ ಬಟ್ಟೆಯಲ್ಲಿ ಗಂಟು ಕಟ್ಟಿ ಕುದಿಸಿ, ತುಂಬುವ ಮೊದಲು ಎತ್ತಿ ಬಿಸಾಡಿ.

ಯಾವುದು ನಿಮ್ಮ ನಾಲಿಗೆಗೆ ಒಪ್ಪುತ್ತದೆ ಅಂತ ತಿಳಿಯಲು ಇಡೀ ಪಾತ್ರೆಯನ್ನೇ ಪಣಕ್ಕಿಡಬೇಡಿ. ಜಾಮ್ ಆದ ಕೂಡಲೇ ನಾಲ್ಕು ಬಟ್ಟಲಿಗೆ ಎರಡೆರಡು ಚಮಚ ಹಾಕಿಕೊಳ್ಳಿ. ಒಂದಕ್ಕೆ ಶುಂಠಿ, ಒಂದಕ್ಕೆ ಮೆಣಸು, ಒಂದಕ್ಕೆ ಏಲಕ್ಕಿ, ಒಂದು ಖಾಲಿ. ರುಚಿ ನೋಡುವುದು ಮಾರನೇ ದಿನ ಬೆಳಿಗ್ಗೆ. ಬಿಸಿಯಲ್ಲಿ ಸಿಹಿಯೇ ಮುಂದೆ ಬಂದು ಉಳಿದದ್ದು ಗೊತ್ತಾಗುವುದಿಲ್ಲ. ಆ ಖಾಲಿ ಬಟ್ಟಲು ಮರೆಯಬೇಡಿ. ನಮ್ಮ ಮನೆಯಲ್ಲಿ ಎಷ್ಟೋ ಸಲ ಅದೇ ಗೆದ್ದಿದೆ.

ಹದ ನೋಡುವುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಳೆಪಾಕ ನೋಡಿ ಅಭ್ಯಾಸ ಇರುವವರು ಇಲ್ಲೂ ಬೆರಳಲ್ಲಿ ಎಳೆ ಹುಡುಕುತ್ತಾರೆ, ಅಷ್ಟರಲ್ಲಿ ಜಾಮ್ ಕಲ್ಲಾಗಿರುತ್ತದೆ, ಹಣ್ಣಿನ ಘಮವೂ ಹೋಗಿರುತ್ತದೆ. ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರೀಜರಿನಲ್ಲಿಡಿ. ಅದರ ಮೇಲೆ ಒಂದು ಹನಿ ಬಿಟ್ಟು, ಒಂದು ನಿಮಿಷ ಆದ ಮೇಲೆ ಬೆರಳಲ್ಲಿ ತಳ್ಳಿ. ಹಾಲಿನ ಕೆನೆಯಂತೆ ಸುಕ್ಕು ಬಿದ್ದರೆ ಆಯಿತು. ಥರ್ಮಾಮೀಟರ್ ಇದ್ದವರಿಗೆ ಒಂದು ಮಾತು. ಪುಸ್ತಕಗಳಲ್ಲಿ ಬರೆಯುವ 105 ಡಿಗ್ರಿ ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಇಲ್ಲಿ 102 ಬಂದರೆ ಸಾಕು. 105ಕ್ಕೆ ಕಾದರೆ ಹಲ್ಲಿಗೆ ಅಂಟುವ ಮಿಠಾಯಿ ಸಿಗುತ್ತದೆ. ಮಂಗಳೂರಿನಲ್ಲಿ ಮಾಡುವ ನನ್ನ ಅಕ್ಕನ ಲೆಕ್ಕ ನನಗೆ ಯಾಕೆ ಹೊಂದುತ್ತಿರಲಿಲ್ಲ ಅಂತ ಅರ್ಥವಾಗಿದ್ದು ಇದು ತಿಳಿದ ಮೇಲೆ.

ಸಕ್ಕರೆ ತುಂಬಾ ಇಳಿಸಿದರೆ ಹೊರಗಿಡಬೇಡಿ, ಬೂಸ್ಟು ಹಿಡಿಯುತ್ತದೆ. ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿ.

ಈಗ ಮಾಡಿಟ್ಟಿರುವ ಆ ಮೂರು ಹಣ್ಣಿನ ಜಾಮನ್ನು ಚೆಲ್ಲಬೇಡಿ. ಅನಾನಸ್, ಬಾಳೆ, ಏಲಕ್ಕಿ ಮೂರೂ ಇವೆ ಅಂದಮೇಲೆ ಅದು ಅರ್ಧ ಕೇಸರಿಬಾತ್ ಆದಂತೆಯೇ. ಒಂದು ಲೋಟ ರವೆಗೆ ನಾಲ್ಕು ದೊಡ್ಡ ಚಮಚ ಹಾಕಿ, ಸಕ್ಕರೆಯನ್ನು ಅಷ್ಟೇ ಕಡಿಮೆ ಮಾಡಿ, ತುಪ್ಪಕ್ಕೆ ಮಾತ್ರ ಜಿಪುಣತನ ಮಾಡಬೇಡಿ.