ಕಾರಿಗೆ ಹೆಲ್ಮೆಟ್ ಫೈನ್ ಬಂದಿದೆ, ಕಟ್ಟಿಬಿಡಲೇ?

ವಕೀಲಿ ಮಾಡುವ ನನಗೆ ಪ್ರತಿ ಸಲವೂ ಬರುವುದು ಅವೇ ಪ್ರಶ್ನೆಗಳು. ಟ್ರಾಫಿಕ್ ಫೈನ್ ಆನ್‌ಲೈನ್‌ನಲ್ಲಿ ಹೇಗೆ ಕಟ್ಟೋದು ಎಂದು ಕೇಳಿದವರಿಗೆ ಇಲ್ಲಿ ಉತ್ತರ ಸಿಗುವುದಿಲ್ಲ. ಕರೆಂಟ್ ಬಿಲ್ ಆನ್‌ಲೈನ್‌ನಲ್ಲಿ ಕಟ್ಟಲು ಗೊತ್ತಿರುವವರಿಗೆ ಅದೂ ಗೊತ್ತಾಗುತ್ತದೆ. ಕಟ್ಟಬೇಕೋ ಬೇಡವೋ, ಕೇಸ್ ಎಲ್ಲಿದೆಯೋ ಎಂದು ತಲೆಕೆಡಿಸಿಕೊಂಡಿರುವವರ ಜೊತೆ ಮಾತ್ರ ಈ ಸಲ ಮಾತು.

ಪ್ರಶ್ನೆ: ನಾನು ತುಮಕೂರಿನಲ್ಲಿ ಶಿಕ್ಷಕ. ಮನೆಯಲ್ಲಿ ಒಂದು ಕಾರು ಬಿಟ್ಟರೆ ಬೇರೆ ಗಾಡಿ ಇಲ್ಲ. ಆದರೂ ಹೆಲ್ಮೆಟ್ ಹಾಕಿಲ್ಲ ಎಂದು ಬೆಂಗಳೂರಿನಿಂದ ಮೂರು ನೋಟಿಸ್ ಬಂದಿವೆ, ಒಂದೊಂದಕ್ಕೆ 500 ರೂಪಾಯಿ. ಹಳೆಯದು ಕೋರ್ಟ್‌ಗೆ ಹೋಗಿದೆ ಎಂದು ಈಗ ಮೆಸೇಜ್ ಬಂದಿದೆ. ಅದು ನಿಜವೋ ಸುಳ್ಳೋ ಹುಡುಕುವುದು ಹೇಗೆ? 'ಸುಮ್ನೆ ಕಟ್ಟಿಬಿಡಿ, ಕೋರ್ಟು ಕಚೇರಿ ಯಾರಿಗೆ ಬೇಕು' ಎನ್ನುತ್ತಾರೆ ಸ್ನೇಹಿತರು. ಕಟ್ಟಿಬಿಡಲೇ?

ಉತ್ತರ: ಕಟ್ಟಬೇಡಿ ಮೇಷ್ಟ್ರೇ. ಆ ಸ್ನೇಹಿತರ ಮಾತು ಕೇಳಿ ಕಟ್ಟಿದವರೇ ಆಮೇಲೆ ನಾಲ್ಕನೆಯ, ಐದನೆಯ ನೋಟಿಸ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ.

ಪೊಲೀಸರಿಗೆ ಫೈನ್ ಕಟ್ಟುವುದು ಎಂದರೆ ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ರಾಜಿ ಮಾಡಿಕೊಂಡ ಹಾಗೆ. ಆಗದ ತಪ್ಪಿಗೆ ಎಂಥ ರಾಜಿ? ಹೆಲ್ಮೆಟ್ ಕೇಸ್ ಹಾಕುವುದು 194ಡಿ ಸೆಕ್ಷನ್ ಅಡಿ. 2019ರ ತಿದ್ದುಪಡಿ ಅದಕ್ಕೆ 1000 ರೂಪಾಯಿ ದಂಡ, ಜೊತೆಗೆ ಮೂರು ತಿಂಗಳು ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಅನರ್ಹತೆ ಎಂದು ಹೇಳಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ದಂಡವನ್ನು 500ಕ್ಕೆ ಇಳಿಸಿತು. ಡಿಎಲ್ ಮಾತು ಕಾಯ್ದೆಯಲ್ಲಿ ಹಾಗೇ ಉಳಿದಿದೆ. ಪ್ರತಿ ಕೇಸಿನಲ್ಲೂ ಡಿಎಲ್ ಕಿತ್ತುಕೊಳ್ಳುತ್ತಾರೆ ಎಂದು ಹೆದರಿಸುತ್ತಿಲ್ಲ. ಆದರೆ ಮಾಡದ ತಪ್ಪನ್ನು ನಿಮ್ಮ ಗಾಡಿಯ ದಾಖಲೆಗೆ ನೀವೇ ಯಾಕೆ ಸೇರಿಸಬೇಕು?

ಮೊದಲು ನೋಟಿಸ್ ಜೊತೆ ಇರುವ ಫೋಟೋ ತೆರೆದು ನೋಡಿ. ಎಷ್ಟೋ ಜನ ಮೊತ್ತ ನೋಡುತ್ತಾರೆ, ಫೋಟೋ ನೋಡುವುದೇ ಇಲ್ಲ. ದೊಡ್ಡದು ಮಾಡಿ ನಂಬರ್ ಪ್ಲೇಟ್ ಓದಿ. ಕ್ಯಾಮೆರಾ 'ಬಿ' ಅಕ್ಷರವನ್ನು 8 ಎಂದೋ, 'ಡಿ'ಯನ್ನು ಸೊನ್ನೆ ಎಂದೋ ಓದಿರಬಹುದು. ಪ್ಲೇಟ್ ಮೇಲೆ ಕೆಸರು, ಅರ್ಧ ಮುರಿದ ಅಂಕಿ, ಅಂಕುಡೊಂಕಾಗಿ ಬರೆಸಿದ ಸ್ಟೈಲ್ ನಂಬರ್ ಇದ್ದರಂತೂ ಕೇಳಲೇಬೇಡಿ. ಹಾಗಾಗಿದ್ದರೆ ನಿಮ್ಮ ಕೆಲಸ ಸುಲಭ. ಫೋಟೋದಲ್ಲಿರುವುದು ಬೇರೆ ನಂಬರ್ ಎಂದು ತೋರಿಸಿದರೆ ಸಾಕು.

ಅಂಕಿ ಅಂಕಿಗೂ ನಿಮ್ಮದೇ ನಂಬರ್ ಇದ್ದು, ಅದು ಒಂದು ಸ್ಕೂಟರ್ ಮೇಲೆ ಕೂತಿದ್ದರೆ? ಯಾರೋ ನಿಮ್ಮ ನಂಬರ್ ಹಾಕಿಕೊಂಡು ಓಡಾಡುತ್ತಿದ್ದಾರೆ ಎಂದರ್ಥ. ಮೂರು ನೋಟಿಸ್ ಬಂದಿವೆ ಅಂದರೆ ನನಗೆ ಇದರ ಮೇಲೇ ಜಾಸ್ತಿ ಅನುಮಾನ. ಆ ಸ್ಕೂಟರ್ ನಾಳೆ ಯಾರಿಗಾದರೂ ಗುದ್ದಿ ಓಡಿಹೋದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಆಗ ನೀವು ಕಟ್ಟಿದ 500 ರೂಪಾಯಿಯ ರಸೀದಿಗಳೇ ನಿಮ್ಮ ವಿರುದ್ಧ ಮಾತಾಡುತ್ತವೆ. ಗಾಡಿ ನನ್ನದಲ್ಲ ಅನ್ನುತ್ತೀರಿ, ಹಾಗಾದರೆ ಅದರ ಫೈನ್ ಯಾಕೆ ಕಟ್ಟಿದಿರಿ ಎಂದು ಕೇಳಿದರೆ ಏನು ಹೇಳುತ್ತೀರಿ?

ಇಂದೇ ಕಾರಿನ ಮುಂದೆ, ಹಿಂದೆ, ಪಕ್ಕದಿಂದ ಫೋಟೋ ತೆಗೆಯಿರಿ. ಎಚ್‌ಎಸ್‌ಆರ್‌ಪಿ (ಹೆಚ್ಚಿನ ಭದ್ರತೆಯ ನಂಬರ್) ಪ್ಲೇಟ್ ಇದ್ದರೆ ಅದರ ಎಡಗಡೆ ಲೇಸರ್‌ನಿಂದ ಕೊರೆದ ಸಣ್ಣ ಸಂಖ್ಯೆ ಇರುತ್ತದೆ. ಅದು ಓದಲು ಬರುವ ಹಾಗೆ ಹತ್ತಿರದಿಂದ ಒಂದು ಫೋಟೋ ಬೇಕು. ನಕಲಿ ಪ್ಲೇಟಿನವನ ಹತ್ತಿರ ಆ ಸಂಖ್ಯೆ ಇರುವುದಿಲ್ಲ. ಆರ್‌ಸಿ (ಗಾಡಿಯ ನೋಂದಣಿ ಪತ್ರ) ಪ್ರತಿ ಇಡಿ. ನೋಟಿಸ್‌ನಲ್ಲಿರುವ ದಿನಾಂಕದ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆಸಿ. ನೀವು ಆ ಹೊತ್ತು ಶಾಲೆಯಲ್ಲಿದ್ದರೆ ಹಾಜರಿ ಪುಸ್ತಕದ ಪ್ರತಿಯನ್ನೂ ಸೇರಿಸಿ.

ಈಗ ಮುಖ್ಯ ಮಾತು. ಕೇಸ್ ಈಗ ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಮ್ಮ ಉತ್ತರ ನಿಂತಿದೆ. ಪೊಲೀಸರ ಹತ್ತಿರ ಇರಬಹುದು, ಆನ್‌ಲೈನ್‌ನಲ್ಲೇ ನಡೆಯುವ ವರ್ಚುವಲ್ ಕೋರ್ಟ್‌ನಲ್ಲಿ ಇರಬಹುದು, ಮಾಮೂಲಿ ಕೋರ್ಟ್‌ಗೆ ಹೋಗಿರಬಹುದು. ಇದನ್ನು ನೋಡದೆ ಕಂಡಕಂಡ ಕಡೆ ಅರ್ಜಿ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೋರ್ಟ್‌ಗೆ ಹೋದ ಕೇಸನ್ನು ಸ್ಟೇಷನ್‌ನವರು ತೆಗೆದುಹಾಕಲಾರರು. ಸ್ಟೇಷನ್‌ನಲ್ಲೇ ಮುಗಿಯುವುದಕ್ಕೆ ವಕೀಲರು ಬೇಕಾಗಿಲ್ಲ.

ಹೊಸ ಎರಡು ನೋಟಿಸ್‌ಗಳು ಪೊಲೀಸರ ಹತ್ತಿರವೇ ಇರುವ ಸಾಧ್ಯತೆ ಜಾಸ್ತಿ. ನೋಟಿಸ್ ಕೊಟ್ಟ ಟ್ರಾಫಿಕ್ ಸ್ಟೇಷನ್‌ಗೆ ಬರಹದಲ್ಲಿ ದೂರು ಕೊಡಿ. ನೋಟಿಸ್ ಸಂಖ್ಯೆ, ದಿನಾಂಕ, ಜಾಗ, 'ನನ್ನ ಹೆಸರಿನಲ್ಲಿರುವುದು ಕಾರು, ಫೋಟೋದಲ್ಲಿರುವುದು ಸ್ಕೂಟರ್' ಎಂಬ ಒಂದು ಸಾಲು, ಜೊತೆಗೆ ಫೋಟೋಗಳು. ನಿಮ್ಮ ಜೀವನಚರಿತ್ರೆ ಬೇಡ. ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದೇನೆ, ಅವರು ಹೂಂ ಅಂದರು ಎಂಬುದನ್ನು ಯಾವ ನ್ಯಾಯಾಧೀಶರೂ ಕೇಳುವುದಿಲ್ಲ. ನಕಲಿ ಪ್ಲೇಟ್ ಎಂದು ಖಾತ್ರಿಯಾದರೆ ತುಮಕೂರಿನ ನಿಮ್ಮ ಸ್ಟೇಷನ್‌ನಲ್ಲೂ ಬೇರೆಯಾಗಿ ಒಂದು ದೂರು ಕೊಡಿ. ಉತ್ತರ ಕೊಡಲು ಎಷ್ಟು ದಿನ ಎಂಬುದನ್ನು ನೋಟಿಸ್‌ನಲ್ಲೇ ನೋಡಿಕೊಳ್ಳಿ. ಪಕ್ಕದ ಮನೆಯವರ ನೋಟಿಸ್‌ನಲ್ಲಿದ್ದ ಗಡುವು ನಿಮಗೆ ಲೆಕ್ಕಕ್ಕಿಲ್ಲ.

ಕೋರ್ಟ್‌ಗೆ ಹೋಗಿದೆ ಎಂದ ಹಳೆಯದನ್ನು ಮೊದಲು ವರ್ಚುವಲ್ ಕೋರ್ಟ್ ತಾಣದಲ್ಲಿ ಹುಡುಕಿ. ಅಲ್ಲಿ ಕರ್ನಾಟಕದ ಟ್ರಾಫಿಕ್ ವಿಭಾಗ ಆರಿಸಿಕೊಂಡು ನೋಟಿಸ್ ಸಂಖ್ಯೆ ಅಥವಾ ಗಾಡಿ ನಂಬರ್ ಹಾಕಿದರೆ ಸಾಕು. ಕೇಸ್ ಇದ್ದರೆ ನ್ಯಾಯಾಧೀಶರು ಸೂಚಿಸಿದ ದಂಡ ಕಾಣುತ್ತದೆ. ಮುಂದೆ ಎರಡೇ ದಾರಿ, ಒಂದು ದಂಡ ಕಟ್ಟುವುದು, ಇನ್ನೊಂದು ಕೇಸ್ ನಡೆಸುವುದು. ಎರಡಕ್ಕೂ ಮೊದಲು ಮೊಬೈಲಿಗೆ ಒಟಿಪಿ ಬರುತ್ತದೆ. ಆರ್‌ಸಿಯಲ್ಲಿರುವುದು ಎಂದೋ ಬಿಟ್ಟ ಹಳೇ ಸಿಮ್ ನಂಬರ್ ಆಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತೀರಿ. ಮೊದಲು ಗಾಡಿ ನೋಂದಣಿಯ ಸರ್ಕಾರಿ ತಾಣ ವಾಹನ್‌ನಲ್ಲಿ ಮೊಬೈಲ್ ನಂಬರ್ ಸರಿಮಾಡಿಸಿ.

ನೀವು ಕೇಸ್ ನಡೆಸುತ್ತೇನೆ ಎಂದೇ ಒತ್ತಬೇಕು. ಒತ್ತಿದ ಮೇಲೆ ಕೇಸ್ ಮಾಮೂಲಿ ಕೋರ್ಟ್‌ಗೆ ಹೋಗುತ್ತದೆ. ಬೆಂಗಳೂರಿನಲ್ಲಾದರೆ ಟ್ರಾಫಿಕ್ ಕೋರ್ಟ್, ಉಳಿದ ಊರುಗಳಲ್ಲಿ ಜೆಎಂಎಫ್‌ಸಿ (ಮೊದಲ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟ್). ಒಂದು ದಿನ ರಜೆ ಹಾಕಿ ಬರಬೇಕಾಗುತ್ತದೆ, ಅದಕ್ಕೆ ಸಿದ್ಧರಿರಿ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂದೇನಿಲ್ಲ. ನಮ್ಮ ಫೀಸು ನಿಮ್ಮ ದಂಡಕ್ಕಿಂತ ಜಾಸ್ತಿ, ಅದನ್ನು ನಾನೇ ಹೇಳಿಬಿಡುತ್ತೇನೆ. ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದಾಗ ಇಲ್ಲ ಎಂದು ಹೇಳಿ, ಆರ್‌ಸಿ ಮತ್ತು ಫೋಟೋ ಮುಂದಿಡಿ. ಕಾರಿನಲ್ಲಿ ಹೆಲ್ಮೆಟ್ ಯಾಕೆ ಹಾಕಿರಲಿಲ್ಲ ಎಂದು ಯಾವ ಕೋರ್ಟೂ ವಾದ ಬೆಳೆಸುವುದಿಲ್ಲ.

ವರ್ಚುವಲ್ ಕೋರ್ಟ್‌ನಲ್ಲಿ ಏನೂ ಸಿಗದಿದ್ದರೆ ಇ-ಕೋರ್ಟ್ಸ್ ತಾಣಕ್ಕೆ ಹೋಗಿ. ಪ್ರತಿ ಕೇಸಿಗೂ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಗೊತ್ತಿದ್ದರೆ ಅದನ್ನು ಹಾಕಿದ ಕೂಡಲೇ ಕೇಸ್ ತೆರೆದುಕೊಳ್ಳುತ್ತದೆ. ಗೊತ್ತಿಲ್ಲದಿದ್ದರೆ ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ ಹೆಸರು, ವರ್ಷ ಹಾಕಬೇಕು. ಜನ ಎಡವುವುದು ಇಲ್ಲಿ. ನೋಟಿಸ್ ಬೆಂಗಳೂರಿನದಾದರೆ ಬೆಂಗಳೂರು ಜಿಲ್ಲೆ ಆರಿಸಬೇಕು. ನಿಮ್ಮ ಮನೆ ತುಮಕೂರಿನಲ್ಲಿದ್ದರೆ ಕೋರ್ಟ್‌ಗೆ ಅದರಿಂದೇನು? ಇನ್ನು ಹೆಸರಿನ ಕಾಟ. ಇಂಗ್ಲಿಷ್‌ನಲ್ಲಿ ಬರೆಯುವಾಗ ಮಂಜುನಾಥ್, ಮಂಜುನಾಥ ಎರಡೂ ಬೇರೆ ಬೇರೆ. ಆರ್‌ಸಿಯಲ್ಲಿ ಇನಿಷಿಯಲ್ ಮುಂದಿರಬಹುದು, ಹಿಂದಿರಬಹುದು. ಪೂರ್ತಿ ಹೆಸರು ಬರೆಯುವ ಬದಲು ಮೊದಲ ನಾಲ್ಕೈದು ಅಕ್ಷರ ಹಾಕಿ. ಬಾಕಿ ಕೇಸು, ಮುಗಿದ ಕೇಸು ಎರಡನ್ನೂ ತೋರಿಸು ಎಂದು ಗುರುತು ಮಾಡಿ. ಬಾಕಿ ಮಾತ್ರ ನೋಡಿ 'ಕೇಸೇ ಇಲ್ಲ' ಎಂದು ಖುಷಿಪಟ್ಟವರ ಕೇಸ್ ಎಷ್ಟೋ ಸಲ ಅವರಿಲ್ಲದೆಯೇ ಮುಂದೆ ಹೋಗಿರುತ್ತದೆ. ಅಲ್ಲೂ ಸಿಗದಿದ್ದರೆ ನೋಟಿಸ್ ಪ್ರತಿ ಹಿಡಿದು ಕೋರ್ಟ್ ಕಚೇರಿಗೆ ಹೋಗಿ ಶಿರಸ್ತೇದಾರರನ್ನು ಕೇಳಿ. ಗಾಡಿ ನಂಬರ್ ಮತ್ತು ಸ್ಟೇಷನ್ ಹೆಸರು ಬರೆದ ಚೀಟಿ ಕೊಟ್ಟರೆ ಅವರಿಗೂ ಹುಡುಕಲು ಸಲೀಸು.

ಇನ್ನೊಂದು ವಿಷಯ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ 167ಎ ಎಂಬ ನಿಯಮ ಸೇರಿತು. ಕ್ಯಾಮೆರಾ ಹಿಡಿದ ತಪ್ಪಿಗೆ 15 ದಿನದೊಳಗೆ ನೋಟಿಸ್ ಕಳಿಸಬೇಕು, ಪ್ಲೇಟ್ ಕಾಣುವ ಸ್ಪಷ್ಟ ಫೋಟೋ, ದಿನಾಂಕ, ಹೊತ್ತು, ಜಾಗ ಇರಬೇಕು ಎನ್ನುತ್ತದೆ ಅದು. ನಿಮ್ಮ ನೋಟಿಸ್ ತಡವಾಗಿ ಬಂದಿದ್ದರೆ ಕೋರ್ಟ್‌ನಲ್ಲಿ ಹೇಳಿ. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಕಾರಿನ ಫೋಟೋ ಅದಕ್ಕಿಂತ ಗಟ್ಟಿ ಸಾಕ್ಷಿ.

ಸಮನ್ಸ್ ಬಂದರೆ ಮಾತ್ರ ತಪ್ಪಿಸಬೇಡಿ. ಮೊದಲು ಜಾಮೀನು ಸಿಗುವ ವಾರಂಟ್ ಬರುತ್ತದೆ, ಆಮೇಲೆ ಜಾಮೀನು ರಹಿತ. ನೋಟಿಸ್ ಎಷ್ಟೇ ತಪ್ಪಾಗಿದ್ದರೂ ಸಮನ್ಸ್‌ಗೆ ಹಾಜರಾಗದಿದ್ದರೆ ಆ ತಪ್ಪು ನಿಮ್ಮದೇ.

ಪ್ರಶ್ನೆ: ಆರು ತಿಂಗಳಾದ ಮೇಲೆ ಫೈನ್ ತಾನಾಗಿ ರದ್ದಾಗುತ್ತದಂತೆ, ನಿಜವೇ?

ಉತ್ತರ: ವಾಟ್ಸ್‌ಆ್ಯಪ್ ವಕೀಲರು ಅರ್ಧ ಓದಿ ಹೇಳಿದ ಮಾತು ಇದು. ದಂಡ ಮಾತ್ರ ಇರುವ ಅಪರಾಧವನ್ನು ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳಲು ಆರು ತಿಂಗಳ ಕಾಲಮಿತಿ ಇರುವುದು ನಿಜ. ಮೊದಲು ಹಳೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 468ನೇ ಸೆಕ್ಷನ್‌ನಲ್ಲಿತ್ತು, ಈಗ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ 514ರಲ್ಲಿದೆ. ಅದನ್ನು ಕೋರ್ಟ್ ಮುಂದೆ ಎತ್ತಬೇಕು. ಕಾರಣ ಸರಿ ಕಂಡರೆ ತಡವನ್ನು ಮನ್ನಿಸುವ ಅಧಿಕಾರವೂ ಕೋರ್ಟ್‌ಗಿದೆ. ಕಂಪ್ಯೂಟರ್‌ನಲ್ಲಿರುವ ಬಾಕಿ ಮಾತ್ರ ಏಳನೇ ತಿಂಗಳು ಮಾಯವಾಗುವುದಿಲ್ಲ. ಗಾಡಿ ಮಾರಲು ಹೋದಾಗ ಆರ್‌ಟಿಒದಲ್ಲಿ ಅದು ಅಡ್ಡ ನಿಲ್ಲುತ್ತದೆ.

ಪ್ರಶ್ನೆ: ಬಾಕಿ ಫೈನ್ ಮೇಲೆ ಮುಂದಿನ 50% ರಿಯಾಯಿತಿ ಯಾವಾಗ?

ಉತ್ತರ: 2023ರ ಫೆಬ್ರವರಿಯಲ್ಲಿ ಕೊಟ್ಟರು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಕೊಟ್ಟರು. ಮುಂದಿನದು ಸರ್ಕಾರಿ ಆದೇಶ ಬಂದಾಗ. ಅದನ್ನೇ ಕಾಯುತ್ತಾ ಸಮನ್ಸ್ ಬರುವವರೆಗೆ ಕೂರುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ.

ಪ್ರಶ್ನೆ: ಅರ್ಧ ದುಡ್ಡು ಕೊಟ್ಟರೆ ಎಲ್ಲಾ ಕೇಸ್ ತೆಗೆಸಿಕೊಡುತ್ತೇನೆ ಎಂದು ಒಬ್ಬ ಏಜೆಂಟ್ ಹೇಳುತ್ತಿದ್ದಾನೆ.

ಉತ್ತರ: ಕೋರ್ಟ್ ರಸೀದಿ ಕೊಡುತ್ತಾನಾ ಕೇಳಿ. ಆಮೇಲೆ ಅವನು ನಿಮ್ಮ ಫೋನ್ ಎತ್ತುವುದಿಲ್ಲ.

ಪ್ರಶ್ನೆ: ಚಲನ್ ಫೋಟೋ ನೋಡಲು ಈ ಆ್ಯಪ್ ಹಾಕಿಕೊಳ್ಳಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಫೈಲ್ ಬಂತು. ಒತ್ತಿಬಿಟ್ಟೆ. ಈಗೇನು?

ಉತ್ತರ: ಅದು ಎಪಿಕೆ (ಫೋನಿಗೆ ಆ್ಯಪ್ ಹಾಕುವ) ಫೈಲ್, ಪಕ್ಕಾ ಮೋಸ. ಮೊದಲು ನೆಟ್ ಆಫ್ ಮಾಡಿ. ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇನ್ನು ಮುಂದೆ ಫೈನ್ ಇದೆಯೋ ಇಲ್ಲವೋ ನೋಡಲು ಮೆಸೇಜ್‌ನಲ್ಲಿ ಬಂದ ಕೊಂಡಿ ಒತ್ತಬೇಡಿ. ನೀವೇ ಬ್ರೌಸರ್‌ನಲ್ಲಿ ಸರ್ಕಾರಿ ವಿಳಾಸ ಟೈಪ್ ಮಾಡಿ ನೋಡಿ. ವಿಳಾಸ 'ಜಿಒವಿ ಡಾಟ್ ಇನ್' ಎಂದೇ ಮುಗಿಯಬೇಕು. ಆ ಅಕ್ಷರಗಳು ನಡುವೆ ಎಲ್ಲೋ ಇದ್ದರೆ ಸಾಲದು.

ಪ್ರಶ್ನೆ: ಕುಡಿದು ಓಡಿಸಿದ ಕೇಸನ್ನು ಸ್ಟೇಷನ್‌ನಲ್ಲೇ ಮುಗಿಸಬಹುದಾ?

ಉತ್ತರ: ಇಲ್ಲ. 185ನೇ ಸೆಕ್ಷನ್, ಕೋರ್ಟ್‌ಗೇ ಹೋಗಬೇಕು. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೌತ್‌ವಾಶ್ ಕಥೆ ಹೇಳಬೇಡಿ, ನ್ಯಾಯಾಧೀಶರು ಎಲ್ಲಾ ಕೇಳಿದ್ದಾರೆ.

ಪ್ರಶ್ನೆ: ಹತ್ತನೇ ಕ್ಲಾಸಿನ ಮಗ ಟ್ಯೂಷನ್‌ಗೆ ಸ್ಕೂಟರ್ ತೆಗೆದುಕೊಂಡು ಹೋಗಿ ಸಿಕ್ಕಿಬಿದ್ದ. ಫೈನ್ ಎಷ್ಟಾಗಬಹುದು?

ಉತ್ತರ: 199ಎ ಓದಿ. ಆ ಸೆಕ್ಷನ್‌ನಲ್ಲಿ ಆರೋಪಿ ನೀವು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗನಿಗೆ 25 ವರ್ಷ ತುಂಬುವವರೆಗೆ ಡಿಎಲ್ ಸಿಗುವುದಿಲ್ಲ. ಇದಕ್ಕೆ ವಕೀಲರ ಹತ್ತಿರ ಹೋಗಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಬೈಕ್ ಮಾರಿದೆ. ಫೈನ್ ಈಗಲೂ ನನಗೇ ಬರುತ್ತಿದೆ.

ಉತ್ತರ: ಮಾರಿದ್ದೀರಿ, ಹೆಸರು ಬದಲಾಯಿಸಿಲ್ಲ ಅಲ್ವಾ? 50ನೇ ಸೆಕ್ಷನ್ ಪ್ರಕಾರ ಮಾರಿದ 14 ದಿನದೊಳಗೆ ನೀವು ಆರ್‌ಟಿಒಗೆ ತಿಳಿಸಬೇಕಿತ್ತು. ಅದಕ್ಕೆಂದೇ ಫಾರ್ಮ್ 29 ಇದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಅಪಘಾತ ಪರಿಹಾರದ ಒಂದು ಕೇಸಿನಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ಟಾಂಪ್ ಪೇಪರ್ ಮೇಲೆ ಬರೆಸಿಕೊಂಡಿದ್ದೇನೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಆ ಕಾಗದ, ಕೊಂಡವರ ಆಧಾರ್ ಪ್ರತಿ, ದುಡ್ಡು ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದುಕೊಂಡು ನಾಳೆಯೇ ಆರ್‌ಟಿಒಗೆ ಹೋಗಿ, ತಡವಾದರೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಳೇ ಫೈನ್ ಕಟ್ಟದೆ ಹೆಸರು ಬದಲಾಗುವುದಿಲ್ಲ. ಅದನ್ನು ಕೊಂಡವರಿಂದ ವಸೂಲಿ ಮಾಡುವುದು ನಿಮ್ಮಿಬ್ಬರ ನಡುವಿನ ವಿಷಯ.